ಮಾವನವರ ಶ್ರವಣ ಸಾಧನವನ್ನು ಫೋನ್, ಟಿ.ವಿ., ಕರೆಗಂಟೆಗಳಿಗೆ ಜೋಡಿಸುವ ಬಗ್ಗೆ ಸಲಹೆ ಬೇಕಿತ್ತು

ವರದಾತೀರ (ಸಾಗರ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿದೆ. ಎರಡೂ ಕಿವಿಗಳು ಮಂದವಾಗುತ್ತಾ ಬಂದದ್ದರಿಂದ ಹೋದ ಬೇಸಿಗೆಯಲ್ಲಿ ಪರೀಕ್ಷೆ ಮಾಡಿಸಿ, ಕಿವಿಯ ಹಿಂದೆ ಕೂರುವ, ಚಾರ್ಜ್ ಮಾಡಬಹುದಾದ ಒಂದು ಜೋಡಿ ಶ್ರವಣ ಸಾಧನಗಳನ್ನು ಕೊಡಿಸಿದೆವು. ಎದುರಿಗೆ ಕೂತು ಮಾತಾಡಿದರೆ ಈಗ ಅವರಿಗೆ ಚೆನ್ನಾಗಿ ಕೇಳಿಸುತ್ತದೆ, ಅಷ್ಟರಮಟ್ಟಿಗೆ ಮನೆಯವರಿಗೆಲ್ಲ ದೊಡ್ಡ ಸಮಾಧಾನ. ತೊಡಕು ಇರುವುದು ಉಳಿದ ಉಪಕರಣಗಳ ಜೊತೆಯಲ್ಲಿ.

ಕೊಳ್ಳುವಾಗ ‘ಇದು ಬ್ಲೂಟೂತ್ ಮಾದರಿ, ಫೋನ್, ಟಿ.ವಿ. ಎಲ್ಲದಕ್ಕೂ ಸೇರಿಕೊಳ್ಳುತ್ತದೆ’ ಎಂದು ಹೇಳಿದ್ದರು. ಮಾವನವರ ಫೋನ್ ಕೆಲವು ವರ್ಷ ಹಳೆಯದಾದ ಆಂಡ್ರಾಯ್ಡ್. ಸಾಧನದ ಕಂಪನಿಯ ಆ್ಯಪ್ ಹಾಕಿಕೊಂಡ ಮೇಲೆ ಎರಡೂ ಕಿವಿಯ ಸಾಧನಗಳು ‘ಕನೆಕ್ಟೆಡ್’ ಎಂದೇ ತೋರಿಸುತ್ತವೆ, ಆ್ಯಪ್‌ನಿಂದ ಧ್ವನಿಯನ್ನು ಹೆಚ್ಚು ಕಡಿಮೆ ಮಾಡಲೂ ಬರುತ್ತದೆ, ಆದರೆ ಕರೆ ಬಂದಾಗ ಮಾತು ಕಿವಿಗೆ ಹೋಗದೆ ಫೋನಿನಲ್ಲೇ ಉಳಿಯುತ್ತದೆ. ನನ್ನ ಫೋನ್ ಹೊಸದು. ಅದಕ್ಕೆ ಜೋಡಿಸಿ ನೋಡಿದಾಗ ಮಾತು ನೇರವಾಗಿ ಅವರ ಕಿವಿಗೇ ಬಂತು, ಆದರೆ ಪುಣೆಯಲ್ಲಿರುವ ನಮ್ಮ ಮೈದುನನಿಗೆ ಅಪ್ಪನ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದಂತೆ. ಜೊತೆಗೆ ನನಗೆ ಬರುವ ವಾಟ್ಸ್‌ಆ್ಯಪ್ ಸದ್ದುಗಳೆಲ್ಲ ಮಾವನವರ ಕಿವಿಯೊಳಗೆ ಟಿಣ್ ಟಿಣ್ ಎನ್ನುತ್ತವೆ.

ಎರಡನೆಯದು ಟಿ.ವಿ. ಸಂಜೆಯ ವಾರ್ತೆಗೆ ಅವರು ಇಡುವ ವಾಲ್ಯೂಮ್ ಅತ್ತೆಯವರಿಗೆ ತಡೆಯುವುದಿಲ್ಲ. ಟಿ.ವಿ.ಯ ಧ್ವನಿಯನ್ನು ನೇರವಾಗಿ ಸಾಧನಕ್ಕೆ ಕೊಡಬಹುದು ಎಂದು ಕೇಳಿದ್ದೇನೆ. ಹಾಗೆ ಕೊಟ್ಟರೆ ಅತ್ತೆಯವರು ಅಡುಗೆಮನೆಯಿಂದ ಕರೆದದ್ದಾಗಲಿ, ಬಾಗಿಲ ಗಂಟೆಯಾಗಲಿ ಅವರಿಗೆ ಕೇಳಿಸುತ್ತದೆಯೆ? ಹಗಲು ಹೊತ್ತು ಮನೆಯಲ್ಲಿ ಇರುವವರು ಅವರಿಬ್ಬರೇ ಆದ್ದರಿಂದ ಇದು ನಮಗೆ ಮುಖ್ಯವಾದ ಪ್ರಶ್ನೆ. ಉಪಕರಣಗಳೆಲ್ಲ ಕಿವಿಗೆ ಸೇರಿಕೊಂಡು, ಅವರು ಮಾತ್ರ ಮನೆಯಲ್ಲಿದ್ದೂ ಇಲ್ಲದಂತೆ ಆಗಬಾರದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಿವಿಮಾತು (ಮೈಸೂರು) ಬರೆದ ಉತ್ತರ:

ವರದಾತೀರ ಅವರೇ, ನಾನು ವೃತ್ತಿಯಿಂದ ಆಡಿಯಾಲಜಿಸ್ಟ್, ಶ್ರವಣ ಪರೀಕ್ಷೆ ಮಾಡಿ ಸಾಧನ ಹೊಂದಿಸಿಕೊಡುವುದು ನನ್ನ ಕೆಲಸ. ನೀವು ಹೇಳಿದ ತೊಂದರೆಗಳಲ್ಲಿ ಯಾವುದೂ ಸಾಧನ ಕೆಟ್ಟಿರುವ ಲಕ್ಷಣವಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಆ್ಯಪ್‌ನಲ್ಲಿ ‘ಕನೆಕ್ಟೆಡ್’ ಎಂದು ಕಾಣುವುದು ಒಂದು ಸಂಬಂಧ, ಕರೆಯ ಮಾತು ಕಿವಿಗೆ ಹರಿದು ಬರುವುದು ಬೇರೆಯೇ ಸಂಬಂಧ. ವಾಲ್ಯೂಮ್ ಏರಿಸು, ಪ್ರೋಗ್ರಾಂ (ಬೇರೆ ಬೇರೆ ಸಂದರ್ಭಕ್ಕೆಂದು ಸಾಧನದಲ್ಲಿ ಇಟ್ಟಿರುವ ಹೊಂದಾಣಿಕೆ) ಬದಲಿಸು ಎಂಬಂಥ ಚಿಕ್ಕ ಆದೇಶಗಳನ್ನು ಇವತ್ತಿನ ಯಾವ ಫೋನ್ ಬೇಕಾದರೂ ಕಳಿಸಬಲ್ಲದು. ಮಾತನ್ನು ಎಡೆಬಿಡದೆ ಎರಡು ಕಿವಿಗೂ ಕಳಿಸಬೇಕಾದರೆ ಮಾತ್ರ ಫೋನ್ ಮತ್ತು ಸಾಧನ ಎರಡೂ ಒಂದೇ ವಿಧಾನವನ್ನು ಬಲ್ಲವಾಗಿರಬೇಕು. ಶ್ರವಣ ಸಾಧನದ ಬ್ಯಾಟರಿ ಬಹಳ ಚಿಕ್ಕದು. ಹೆಡ್‌ಫೋನ್‌ಗಳು ಬಳಸುವ ಹಳೆಯ ಬಗೆಯ ಬ್ಲೂಟೂತ್ ಅದನ್ನು ಬೇಗ ಬರಿದುಮಾಡುತ್ತಿತ್ತು. ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಬಂದಾಗ ಅದರಲ್ಲಿ ಧ್ವನಿ ಕಳಿಸುವ ಸರ್ವಸಮ್ಮತ ಕ್ರಮವೇ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ದಾರಿ ಮಾಡಿಕೊಂಡರು. ಆಪಲ್ 2013ರಲ್ಲಿ ಐಫೋನಿಗೆ ತನ್ನದೇ ವಿಧಾನವನ್ನು ತಂದಿತು. ಗೂಗಲ್ ಸಂಸ್ಥೆ ಡೆನ್ಮಾರ್ಕಿನ ಶ್ರವಣ ಸಾಧನ ಕಂಪನಿ ಜಿಎನ್ ಹಿಯರಿಂಗ್ ಜೊತೆ ಸೇರಿ ರೂಪಿಸಿ 2018ರಲ್ಲಿ ಪ್ರಕಟಿಸಿದ, ಮರುವರ್ಷ ಆಂಡ್ರಾಯ್ಡ್ 10ರೊಂದಿಗೆ ಬಂದ ವಿಧಾನಕ್ಕೆ ಆಶಾ ಎಂದು ಹೆಸರು. ಎಲ್ಲ ಕಂಪನಿಗಳೂ ಒಪ್ಪಿದ ಎಲ್‌ಇ ಆಡಿಯೊ ಎಂಬ ಮಾನದಂಡ ಪೂರ್ಣಗೊಂಡದ್ದು 2022ರಲ್ಲಿ. ಇವುಗಳ ನಡುವೆ ಫೋನಾಕ್‌ನಂಥ ಶ್ರವಣ ಸಾಧನ ಕಂಪನಿ 2017ರಿಂದ ಹಳೆಯ ಬ್ಲೂಟೂತನ್ನೇ ಕಡಿಮೆ ವಿದ್ಯುತ್ತಿನಲ್ಲಿ ನಡೆಸುವ ಚಿಪ್ ಮಾಡಿಕೊಂಡು, ಗುಂಡಿ ಒತ್ತುವ ಸಾದಾ ಫೋನಿಗೂ ಸೇರಿಕೊಳ್ಳುವ ಸಾಧನಗಳನ್ನು ಕೊಟ್ಟಿತು.

ನಿಮ್ಮ ವಿವರಣೆ ನೋಡಿದರೆ ನಿಮ್ಮದು ಆಶಾ ವಿಧಾನದ ಸಾಧನ ಇರಬಹುದು. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದು ಇದ್ದ ಮಾತ್ರಕ್ಕೆ ಸಾಲದು, ಫೋನ್ ತಯಾರಿಸಿದವರು ಆ ಸೌಲಭ್ಯವನ್ನು ಒಳಗೆ ಸೇರಿಸಿರಬೇಕು. ಸಾಧನದ ಕಂಪನಿಯ ಜಾಲತಾಣದಲ್ಲಿ ಯಾವ ಯಾವ ಫೋನುಗಳು ಹೊಂದುತ್ತವೆ ಎಂಬ ಪಟ್ಟಿ ಇರುತ್ತದೆ. ಮಾವನವರಿಗೆ ಹೊಸ ಫೋನ್ ಕೊಳ್ಳುವುದಾದರೆ ಆ ಪಟ್ಟಿಯನ್ನು ನೋಡಿಯೇ ಕೊಳ್ಳಿ. ಡಬ್ಬದ ಮೇಲೆ ಬರೆದಿರುವ ಬ್ಲೂಟೂತ್ ಸಂಖ್ಯೆಯನ್ನು ನಂಬಬೇಡಿ, ಏಕೆಂದರೆ 5.2 ಎಂದು ಬರೆದಿರುವ ಎಷ್ಟೋ ಫೋನುಗಳಲ್ಲಿ ಎಲ್‌ಇ ಆಡಿಯೊ ಇರುವುದಿಲ್ಲ.

ಇನ್ನು ಮೈದುನನ ದೂರು. ಆಶಾ ವಿಧಾನದಲ್ಲಿ ಧ್ವನಿ ಫೋನಿನಿಂದ ಕಿವಿಗೆ ಮಾತ್ರ ಹೋಗುತ್ತದೆ, ಕಿವಿಯಿಂದ ಫೋನಿಗೆ ಬರುವುದಿಲ್ಲ. ಮಾವನವರ ಮಾತನ್ನು ಎತ್ತಿಕೊಳ್ಳುವುದು ಫೋನಿನದೇ ಮೈಕ್. ಕಿವಿಯಲ್ಲಿ ಕೇಳಿಸುತ್ತಿದೆಯೆಂದು ಫೋನನ್ನು ಮೇಜಿನ ಮೇಲೋ ಜೇಬಿನಲ್ಲೋ ಇಟ್ಟು ಮಾತಾಡಿದರೆ ಆಚೆಯವರಿಗೆ ದನಿ ದೂರವಾಗಿಯೇ ಕೇಳಿಸುವುದು. ಫೋನನ್ನು ಎದೆಯ ಎತ್ತರಕ್ಕೆ ಹಿಡಿದು, ಮೈಕ್ ಇರುವ ಕೆಳತುದಿ ಬಾಯಿಯ ಕಡೆಗೆ ಇರುವಂತೆ ನೋಡಿಕೊಂಡರೆ ಸಾಕು. ಕಿವಿಗೆ ಒತ್ತಿ ಹಿಡಿಯುವ ಅಗತ್ಯವಿಲ್ಲ.

ನೋಟಿಫಿಕೇಶನ್ ಸದ್ದನ್ನು ನಿಲ್ಲಿಸಲು ಐಫೋನಿನಲ್ಲಿ ಆಕ್ಸೆಸಿಬಿಲಿಟಿ ವಿಭಾಗದ ಹಿಯರಿಂಗ್ ಡಿವೈಸಸ್ ಒಳಗೆ ಅವಕಾಶವಿದೆ. ಹೊಸ ಆಂಡ್ರಾಯ್ಡ್ ಆವೃತ್ತಿಗಳಲ್ಲಿಯೂ ಕರೆ, ಹಾಡು, ರಿಂಗ್‌ಟೋನ್, ನೋಟಿಫಿಕೇಶನ್ ಇವುಗಳಲ್ಲಿ ಯಾವುದು ಕಿವಿಗೆ ಹೋಗಬೇಕು, ಯಾವುದು ಫೋನಿನ ಸ್ಪೀಕರಿನಲ್ಲೇ ಉಳಿಯಬೇಕು ಎಂದು ಬೇರೆ ಬೇರೆಯಾಗಿ ಹೇಳಬಹುದು. ಫೋನ್ ಕನ್ನಡದಲ್ಲಿದ್ದರೆ ಆ ವಿಭಾಗಕ್ಕೆ ‘ಪ್ರವೇಶಿಸುವಿಕೆ’ ಎಂದು ಹೆಸರಿರುತ್ತದೆ. ಕರೆಯೊಂದನ್ನು ಮಾತ್ರ ಕಿವಿಗೆ ಬಿಟ್ಟು ಉಳಿದದ್ದನ್ನೆಲ್ಲ ಸ್ಪೀಕರಿಗೆ ಹಾಕಿ. ನಿಮ್ಮ ಫೋನಿನ ಜೋಡಣೆಯನ್ನಂತೂ ಪೂರ್ತಿ ಅಳಿಸಿಬಿಡಿ. ಮನೆಯ ಎರಡು ಮೂರು ಫೋನುಗಳಿಗೆ ಸೇರಿಸಿಟ್ಟ ಸಾಧನ ಯಾವ ಹೊತ್ತಿನಲ್ಲಿ ಯಾವುದಕ್ಕೆ ಅಂಟಿಕೊಳ್ಳುತ್ತದೆಂದು ಹೇಳಲಾಗದು, ಆ ಗೊಂದಲದಲ್ಲಿ ಬೇಸತ್ತು ಸಾಧನವನ್ನೇ ಡಬ್ಬಕ್ಕೆ ಹಾಕಿಟ್ಟ ಹಿರಿಯರನ್ನು ನಾನು ಕಂಡಿದ್ದೇನೆ.

ನೀವು ಕೊನೆಯಲ್ಲಿ ಬರೆದ ವಾಕ್ಯವೇ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಫೋನಿನಿಂದಲೋ ಟಿ.ವಿ.ಯಿಂದಲೋ ಧ್ವನಿ ಬರುತ್ತಿರುವಾಗ ಸಾಧನವು ಸಾಮಾನ್ಯವಾಗಿ ತನ್ನ ಹೊರಗಿನ ಮೈಕನ್ನು ತಗ್ಗಿಸಿಕೊಳ್ಳುತ್ತದೆ, ಕೆಲವು ಸಲ ಪೂರ್ತಿ ಮುಚ್ಚಿಯೂ ಬಿಡುತ್ತದೆ. ಇದು ಬದಲಿಸಲಾಗದ ಸ್ವಭಾವವಲ್ಲ, ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಇಟ್ಟಿರುವ ಒಂದು ಅಳತೆ ಮಾತ್ರ. ಕರೆ ಬಂದಾಗ ಹೊರಗಿನ ಸದ್ದು ಕಡಿಮೆ ಇರಲಿ, ಟಿ.ವಿ. ನೋಡುವಾಗ ಕೋಣೆಯ ಸದ್ದು ಸಾಕಷ್ಟು ಕೇಳಿಸಲಿ ಎಂದು ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಿಕೊಡುವಂತೆ ಅವರನ್ನು ಕೇಳಿ. ಹಲವು ಆ್ಯಪ್‌ಗಳಲ್ಲಿ ನೀವೇ ಸರಿಪಡಿಸಿಕೊಳ್ಳಲೂ ಬರುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳುವವರು ಕಡಿಮೆ, ಆದ್ದರಿಂದಲೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಹಳೆಯ ಕೇಳುಗ (ಉಡುಪಿ) ಬರೆದ ಉತ್ತರ:

ನಾನು ಬಹಳ ವರ್ಷಗಳಿಂದ ಎರಡೂ ಕಿವಿಗೆ ಸಾಧನ ಹಾಕಿಕೊಳ್ಳುತ್ತಿರುವವನು. ಫೋನಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಟಿ.ವಿ. ಬಗ್ಗೆ ಬರೆಯುತ್ತೇನೆ.

ಟಿ.ವಿ.ಯ ಬ್ಲೂಟೂತಿನಲ್ಲಿ ನೇರವಾಗಿ ಸಾಧನವನ್ನು ಹುಡುಕಲು ಹೋಗಬೇಡಿ. ಬಹುಪಾಲು ಟಿ.ವಿ.ಗಳಿಗೆ ಸಾಧನ ಕಾಣಿಸುವುದೇ ಇಲ್ಲ, ಕಾಣಿಸಿ ಸೇರಿದರೂ ವಾರ್ತೆ ಓದುವವರ ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಿರದಷ್ಟು ತಡವಾಗಬಹುದು. ತುಟಿ ನೋಡಿ ಅರ್ಧ ಮಾತನ್ನು ಗ್ರಹಿಸುವ ನಮ್ಮಂಥವರಿಗೆ ಆ ಸಣ್ಣ ತಡವೂ ದೊಡ್ಡ ಕಷ್ಟ. ಟಿ.ವಿ.ಯ ಧ್ವನಿಯನ್ನು ಸಾಧನಕ್ಕೆ ಕಳಿಸಲೆಂದು ಸಾಧನದ ಕಂಪನಿಯವರೇ ಮಾರುವ ಟಿ.ವಿ. ಸ್ಟ್ರೀಮರ್ ಎಂಬ ಅಂಗೈಯಗಲದ ಪೆಟ್ಟಿಗೆ ಇದೆ. ಸಾಮಾನ್ಯವಾಗಿ ಒಂದು ಕಂಪನಿಯದು ಇನ್ನೊಂದರ ಸಾಧನಕ್ಕೆ ಆಗುವುದಿಲ್ಲ, ಹಾಗಾಗಿ ಮಾದರಿಯ ಹೆಸರು ಹೇಳಿಯೇ ತರಿಸಿಕೊಳ್ಳಿ. ಒಮ್ಮೆ ಜೋಡಿಸಿದರೆ ಮುಂದೆ ಫೋನಿನ ಹಂಗಿಲ್ಲ, ಟಿ.ವಿ. ಹಾಕಿದಾಗ ಧ್ವನಿ ತಾನಾಗಿಯೇ ಕಿವಿಗೆ ಬರುವಂತೆ ಇಡಬಹುದು.

ಅದನ್ನು ಟಿ.ವಿ.ಗೆ ಸಿಕ್ಕಿಸುವಲ್ಲಿಯೇ ಜನ ಸೋಲುವುದು. ಟಿ.ವಿ.ಯ ಹಿಂಭಾಗದಲ್ಲಿ ಆಪ್ಟಿಕಲ್ ಎಂದು ಬರೆದ, ಉಗುರಿನಷ್ಟು ಚಿಕ್ಕದಾದ ಚೌಕಾಕಾರದ ಕಿಂಡಿ ಇರುತ್ತದೆ, ಟಿ.ವಿ. ನಡೆಯುತ್ತಿರುವಾಗ ಇಣುಕಿದರೆ ಒಳಗೆ ಕೆಂಪು ಬೆಳಕು ಕಾಣುತ್ತದೆ. ಹೊಸ ಕೇಬಲ್ಲಿನ ಎರಡೂ ತುದಿಗೆ ಪಾರದರ್ಶಕವಾದ ಸಣ್ಣ ಪ್ಲಾಸ್ಟಿಕ್ ಟೊಪ್ಪಿ ಹಾಕಿರುತ್ತಾರೆ. ಅದನ್ನು ತೆಗೆಯದೆ ತುರುಕಿದರೆ ಕೇಬಲ್ ಕೂರುವುದಿಲ್ಲ, ಬಲವಾಗಿ ಒತ್ತಿದರೆ ಕಿಂಡಿಯ ಬಾಗಿಲು ಮುರಿಯುತ್ತದೆ. ಕೇಬಲ್ ಕೂತರೂ ಸದ್ದು ಬರಲಿಲ್ಲವೆಂದರೆ ಟಿ.ವಿ.ಯ ಸೌಂಡ್ ಸೆಟ್ಟಿಂಗಿಗೆ ಹೋಗಿ ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಡಾಲ್ಬಿ ಅಥವಾ ಆಟೊ ಎಂದಿರುವುದನ್ನು ಪಿಸಿಎಂ (ಸಾದಾ ಡಿಜಿಟಲ್ ಧ್ವನಿ) ಎಂದು ಬದಲಿಸಿ. ಎಷ್ಟೋ ಸ್ಟ್ರೀಮರುಗಳಿಗೆ ಡಾಲ್ಬಿ ಅರ್ಥವಾಗುವುದಿಲ್ಲ, ಪೆಟ್ಟಿಗೆಯ ದೀಪ ಉರಿಯುತ್ತಿದ್ದರೂ ಕಿವಿಯಲ್ಲಿ ಮೌನ.

ಇನ್ನೊಂದು ಎಚ್ಚರಿಕೆ. ಕೆಲವು ಟಿ.ವಿ.ಗಳಲ್ಲಿ ಆಪ್ಟಿಕಲ್ ಆರಿಸಿದ ಕೂಡಲೇ ಟಿ.ವಿ.ಯ ಸ್ವಂತ ಸ್ಪೀಕರ್ ಬಂದ್ ಆಗುತ್ತದೆ. ಆಗ ನಿಮ್ಮ ಮಾವನವರಿಗೆ ಕೇಳಿಸುತ್ತದೆ, ಅತ್ತೆಯವರಿಗೆ ಕೇಳಿಸುವುದಿಲ್ಲ. ಎರಡೂ ಒಟ್ಟಿಗೆ ನಡೆಯುವ ಆಯ್ಕೆ ಮೆನುವಿನಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸೆಟ್‌ಟಾಪ್ ಬಾಕ್ಸಿನ ಹಿಂದಿರುವ ಕೆಂಪು ಬಿಳಿ ತೂತುಗಳಿಂದ ಸ್ಟ್ರೀಮರಿಗೆ ವಯರ್ ಎಳೆದು, ಚಿತ್ರ ಮತ್ತು ಧ್ವನಿಯನ್ನು ಎಂದಿನಂತೆ ಎಚ್‌ಡಿಎಂಐ ಮೂಲಕ ಟಿ.ವಿ.ಗೆ ಬಿಡಿ. ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದ್ದೇವೆ. ಇದರಲ್ಲಿ ಇರುವ ಕೊರತೆಯೆಂದರೆ ಟಿ.ವಿ.ಯೊಳಗಿನ ಯೂಟ್ಯೂಬ್ ಧ್ವನಿ ಸ್ಟ್ರೀಮರಿಗೆ ಬರುವುದಿಲ್ಲ, ಚಾನೆಲ್ಲುಗಳದು ಮಾತ್ರ ಬರುತ್ತದೆ. ಹೀಗೆ ಜೋಡಿಸಿದ ಮೇಲೆ ಟಿ.ವಿ. ರಿಮೋಟಿನ ವಾಲ್ಯೂಮ್ ಮನೆಯವರದು, ಕಿವಿಯ ವಾಲ್ಯೂಮ್ ನನ್ನದು. ಮೊಮ್ಮಗಳು ಪರೀಕ್ಷೆಗೆ ಓದುವಾಗ ಟಿ.ವಿ.ಯನ್ನು ಮ್ಯೂಟ್ ಮಾಡಿಯೂ ನಾನು ಕ್ರಿಕೆಟ್ ವೀಕ್ಷಕ ವಿವರಣೆ ಕೇಳುತ್ತೇನೆ.

ಹೊರಗಿನ ಮೈಕ್ ತೆರೆದಿಡುವ ವಿಚಾರದಲ್ಲಿ ಕಿವಿಮಾತು ಅವರ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಸ್ಟ್ರೀಮರ್ ಬಂದ ಹೊಸದರಲ್ಲಿ ನನ್ನ ಹೆಂಡತಿ ಪಕ್ಕದಲ್ಲೇ ಕೂತು ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಟಿ.ವಿ. ಸದ್ದಿಗಿಂತ ಆ ಮೌನವೇ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು. ಈಗ ಟಿ.ವಿ.ಯ ಧ್ವನಿ ತುಸು ಕಡಿಮೆ ಸ್ಪಷ್ಟವಾದರೂ ಪರವಾಗಿಲ್ಲವೆಂದು ಕೋಣೆಯ ಮೈಕನ್ನು ಮುಕ್ಕಾಲು ಪಾಲು ತೆರೆದೇ ಇಟ್ಟಿದ್ದೇನೆ.

ಹೊಂಗೆನೆರಳು (ಬೆಂಗಳೂರು) ಬರೆದ ಉತ್ತರ:

ನನ್ನ ತಂದೆ ತಾಯಿ ಇಬ್ಬರಿಗೂ ಬಾಲ್ಯದಿಂದಲೇ ಕಿವಿ ಕೇಳುವುದಿಲ್ಲ, ಆದ್ದರಿಂದ ಕರೆಗಂಟೆಯ ಪ್ರಶ್ನೆಯನ್ನು ನಾನು ಹತ್ತಿರದಿಂದ ಬಲ್ಲೆ. ಅದನ್ನು ಕಿವಿಗೆ ಬಿಡಬೇಡಿ, ಕಣ್ಣಿಗೆ ಕೊಡಿ. ಮಾವನವರು ಮಧ್ಯಾಹ್ನ ಮಲಗುವಾಗ, ಸ್ನಾನ ಮಾಡುವಾಗ ಸಾಧನ ಕಿವಿಯಲ್ಲಿ ಇರುವುದೇ ಇಲ್ಲ. ರಾತ್ರಿ ಅದು ಚಾರ್ಜರಿನಲ್ಲಿ ಇರುತ್ತದೆ. ಒತ್ತಿದರೆ ಸದ್ದಿನ ಜೊತೆಗೆ ಬೆಳಕೂ ಮಿನುಗುವ ವಯರ್‌ಲೆಸ್ ಗಂಟೆಗಳು ಸಿಗುತ್ತವೆ, ಒಂದೇ ಗುಂಡಿಗೆ ಎರಡು ಮೂರು ಗ್ರಾಹಕಗಳನ್ನು ಸೇರಿಸಿ ಪಡಸಾಲೆಗೊಂದು, ಮಲಗುವ ಕೋಣೆಗೊಂದು ಸಿಕ್ಕಿಸಬಹುದು. ಸಾಗರದಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೆಚ್ಚೆಂದು ಕೇಳಿದ್ದೇನೆ, ಹಾಗಾಗಿ ಸೆಲ್ ಹಾಕಿ ನಡೆಸುವ ಮಾದರಿಯನ್ನೇ ಆರಿಸಿ.

ಆಂಡ್ರಾಯ್ಡ್‌ನಲ್ಲಿ ಸೌಂಡ್ ನೋಟಿಫಿಕೇಶನ್ಸ್ ಎಂಬ ಉಚಿತ ಸೌಲಭ್ಯವಿದೆ. ಬಾಗಿಲು ಬಡಿದದ್ದು, ಗಂಟೆ, ನಲ್ಲಿಯ ನೀರು ಹರಿಯುತ್ತಿರುವುದು, ಹೊಗೆಯ ಅಲಾರಂ, ಮಗು ಅತ್ತದ್ದು ಇಂಥ ಸದ್ದುಗಳನ್ನು ಫೋನೇ ಗುರುತಿಸಿ ಕಂಪನದಿಂದಲೂ ಬೆಳಕಿನಿಂದಲೂ ತಿಳಿಸುತ್ತದೆ, ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಐಫೋನಿನಲ್ಲಿ 2020ರಿಂದ ಸೌಂಡ್ ರೆಕಗ್ನಿಶನ್ ಎಂಬ ಹೆಸರಿನಲ್ಲಿ ಇಂಥದ್ದೇ ಇದೆ. ಆದರೆ ಮಿಕ್ಸಿ ತಿರುಗುತ್ತಿರುವಾಗ, ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಫೋನಿಗೂ ಸರಿಯಾಗಿ ಕೇಳಿಸದು, ಆದ್ದರಿಂದ ಗ್ಯಾಸ್ ಒಲೆಯಂಥ ಸುರಕ್ಷತೆಯ ವಿಷಯವನ್ನು ಇದೊಂದರ ಮೇಲೆ ಬಿಡಬೇಡಿ. ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಎದುರಿನವರ ಮಾತನ್ನು ಕನ್ನಡ ಲಿಪಿಯಲ್ಲಿಯೇ ಪರದೆಯ ಮೇಲೆ ಮೂಡಿಸುತ್ತದೆ. ನಮ್ಮ ತಂದೆ ವೈದ್ಯರ ಬಳಿ ಹೋದಾಗ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ಅದರಲ್ಲೇ ಓದಿ ಖಚಿತಪಡಿಸಿಕೊಳ್ಳುತ್ತಾರೆ.

ವರದಾತೀರ (ಸಾಗರ) ಮತ್ತೆ ಬರೆದದ್ದು:

ಮೂವರಿಗೂ ತುಂಬು ಮನಸ್ಸಿನ ಧನ್ಯವಾದಗಳು. ನನ್ನ ಫೋನಿನ ಜೋಡಣೆಯನ್ನು ಅಳಿಸಿದ್ದೇನೆ. ಪಟ್ಟಿಯಲ್ಲಿ ಮಾವನವರ ಫೋನಿನ ಹೆಸರು ಇರಲಿಲ್ಲ, ಪಟ್ಟಿಯಲ್ಲಿ ಇರುವ ಸಾಧಾರಣ ಬೆಲೆಯದೊಂದನ್ನು ಮೈದುನ ಕಳಿಸಿಕೊಟ್ಟಿದ್ದಾನೆ. ಫೋನನ್ನು ಎದೆಯ ಹತ್ತಿರ ಹಿಡಿದು ಮಾತಾಡಿದಾಗಿನಿಂದ ಆ ಕಡೆಯ ದೂರು ನಿಂತಿದೆ. ಬೆಳಕಿನ ಗಂಟೆಗೆ ಹೇಳಿದ್ದೇವೆ, ಟಿ.ವಿ.ಯ ಪೆಟ್ಟಿಗೆ ಇನ್ನೂ ಬರಬೇಕು.

ಇನ್ನು ಎರಡು ವಿಷಯ ಕೇಳುವುದಿದೆ. ಒಂದು, ಸಾದಾ ಕರೆಗಿಂತ ವಾಟ್ಸ್‌ಆ್ಯಪ್ ಕರೆಯಲ್ಲಿ ಮಾತು ಹೆಚ್ಚು ಬಿಡಿಬಿಡಿಯಾಗಿ ತಿಳಿಯುತ್ತದೆ ಎಂದು ಮಾವನವರು ಹೇಳುತ್ತಾರೆ, ಅದು ನಿಜವೆ ಅಥವಾ ಬರೀ ಭಾವನೆಯೆ? ಎರಡು, ಬೆಳಿಗ್ಗೆ ಆಕಾಶವಾಣಿಯಲ್ಲಿ ಕೊಳಲು, ವೀಣೆ ಬಂದರೆ ಸ್ವರ ನಿಲ್ಲದೆ ಅಲುಗಿದಂತೆ, ಒಂದೊಂದು ಸಲ ಜೊತೆಗೆ ಇನ್ನೊಂದು ಸ್ವರ ಸೇರಿಕೊಂಡಂತೆ ಕೇಳಿಸುತ್ತದಂತೆ. ಸಂಗೀತ ಅವರಿಗೆ ಬಹಳ ಪ್ರಿಯವಾದದ್ದು, ಸಾಧನ ತೆಗೆದಿಟ್ಟು ರೇಡಿಯೊಗೆ ಕಿವಿಯಾನಿಸಿ ಕೂರುತ್ತಾರೆ.

ಕಿವಿಮಾತು (ಮೈಸೂರು) ಬರೆದ ಉತ್ತರ:

ಎರಡೂ ನಿಜ, ಮಾವನವರು ಸೂಕ್ಷ್ಮವಾಗಿ ಗಮನಿಸಿದ್ದಾರೆ. ಹಳೆಯ ರೀತಿಯ ದೂರವಾಣಿ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಹಾದುಹೋಗುತ್ತದೆ. ಸ, ಶ ಮುಂತಾದ ಅಕ್ಷರಗಳ ಸತ್ವದ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ವಯಸ್ಸಾದಂತೆ ಕಿವಿ ಕಳೆದುಕೊಳ್ಳುವುದೂ ಆ ಮೇಲಿನ ಸ್ತರಗಳನ್ನೇ. ಹೀಗಾಗಿ ಸ್ವರಗಳು ಕೇಳಿಸಿ ವ್ಯಂಜನಗಳು ಜಾರಿಹೋಗುತ್ತವೆ. ‘ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ಹಿರಿಯರು ಹೇಳುವುದು ಇದನ್ನೇ. ವಾಟ್ಸ್‌ಆ್ಯಪ್ ಕರೆಯಲ್ಲಿಯೂ, ಎರಡೂ ಕಡೆ ಸೌಲಭ್ಯವಿದ್ದರೆ 4ಜಿ ಜಾಲದ ವೋಲ್ಟೆ ಕರೆಯಲ್ಲಿಯೂ ಸುಮಾರು 7000 ಹರ್ಟ್ಸ್‌ವರೆಗೆ ಬರುತ್ತದೆ. ಫೋನಿನಲ್ಲಿ ವೋಲ್ಟೆ ಆನ್ ಆಗಿದೆಯೇ ಎಂದು ನೋಡಿ.

ಕೊಳಲಿನ ವಿಷಯ ಹೀಗಿದೆ. ಸಾಧನದ ಸ್ಪೀಕರಿನ ಸದ್ದು ಸೋರಿ ಮತ್ತೆ ಮೈಕಿಗೆ ಹೋದರೆ ಕುಂಯ್ ಎಂಬ ಶಿಳ್ಳೆ ಏಳುತ್ತದೆ. ಅದನ್ನು ಅಡಗಿಸಲು ಒಳಗೊಂದು ವ್ಯವಸ್ಥೆ ಸದಾ ಕಾವಲಿರುತ್ತದೆ. ಕೊಳಲಿನ ದೀರ್ಘ ಸ್ವರವನ್ನು ಅದು ಶಿಳ್ಳೆಯೆಂದೇ ತಿಳಿದು ಅಡಗಿಸಲು ಹೊರಡುತ್ತದೆ, ಆಗ ಸ್ವರ ಅಲುಗುತ್ತದೆ. ಆ ಕಾವಲನ್ನೂ ಗದ್ದಲ ತಗ್ಗಿಸುವ ಕ್ರಿಯೆಯನ್ನೂ ಸಡಿಲಗೊಳಿಸಿ ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ಆಕಾಶವಾಣಿ ಫೋನಿನ ಆ್ಯಪ್‌ನಲ್ಲಿಯೂ ಬರುತ್ತದೆ. ಅದರಿಂದ ನೇರವಾಗಿ ಕಿವಿಗೆ ಕೊಟ್ಟರೆ ಹೊರಗಿನ ಮೈಕನ್ನು ಹಾದು ಬರುವ ಪ್ರಮೇಯ ಇಲ್ಲವಾಗಿ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಆ ಹೊತ್ತಿಗೆ ಮಾತ್ರ ಮೀಡಿಯಾ ಸದ್ದನ್ನು ಕಿವಿಗೆ ಬಿಡಿ.

ಜೋಡಣೆ ಎಂದಾದರೂ ಇದ್ದಕ್ಕಿದ್ದಂತೆ ಕಡಿದುಹೋದರೆ, ಅದರಲ್ಲೂ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ, ಗಾಬರಿಯಾಗಬೇಡಿ. ಎಡಬಲ ಎರಡನ್ನೂ ಫೋನಿನಿಂದ ಅಳಿಸಿ, ಸಾಧನಗಳನ್ನು ಚಾರ್ಜರಿನಲ್ಲಿಟ್ಟು ಹೊರತೆಗೆದು, ಮುಂದಿನ ಎರಡು ಮೂರು ನಿಮಿಷಗಳಲ್ಲಿ ಹೊಸದಾಗಿ ಜೋಡಿಸಿ. ಆ ಅವಧಿ ಮುಗಿದರೆ ಫೋನಿಗೆ ಅವು ಕಾಣಿಸುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಡಬ್ಬವೂ ಬೇಕು. ಮೈಕಿನ ಬಾಯಿಯಲ್ಲಿ ತೇವ ಕೂತರೆ ಮಾತು ಮಂಕಾಗುತ್ತದೆ, ಅದನ್ನು ಬ್ಲೂಟೂತಿನ ದೋಷವೆಂದು ತಿಳಿಯುವವರಿದ್ದಾರೆ.

ಇದನ್ನು ಓದುತ್ತಿರುವ, ಬ್ಲೂಟೂತ್ ಮಾದರಿ ಕೊಳ್ಳಲಾಗದ ಕುಟುಂಬದವರಿಗೂ ಒಂದು ಮಾತು. ಅಂಗವೈಕಲ್ಯ ಇರುವವರಿಗೆ ಸಹಾಯಕ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ, ಆದಾಯದ ಮಿತಿಯೊಳಗಿರುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಾಧನಗಳು ಸಿಗುತ್ತವೆ. 1965ರಿಂದ ಇರುವ ಸಂಸ್ಥೆಯದು. ಸಾಧನದಲ್ಲಿ ಟೆಲಿಕಾಯಿಲ್ (ಕಾಂತೀಯ ಸಂಕೇತವನ್ನು ಹಿಡಿದುಕೊಳ್ಳುವ ಪುಟ್ಟ ತಂತಿಸುರುಳಿ) ಇದ್ದರೆ ಕೊರಳಿಗೆ ಹಾಕಿಕೊಳ್ಳುವ ನೆಕ್‌ಲೂಪನ್ನು ಫೋನ್ ಅಥವಾ ಟಿ.ವಿ.ಯ ಹೆಡ್‌ಫೋನ್ ತೂತಿಗೆ ಸಿಕ್ಕಿಸಿ, ಸಾಧನವನ್ನು ಟಿ ಸ್ಥಾನಕ್ಕೆ ತಂದರೆ ಬ್ಲೂಟೂತ್ ಇಲ್ಲದೆಯೂ ಧ್ವನಿ ನೇರವಾಗಿ ಕಿವಿಗೆ ಬರುತ್ತದೆ.

ವರದಾತೀರ ಅವರೇ, ಟಿ.ವಿ. ಪೆಟ್ಟಿಗೆ ಬಂದ ಮೇಲೆ ಅದನ್ನೂ ತೆಗೆದುಕೊಂಡು ನಿಮ್ಮ ಆಡಿಯಾಲಜಿಸ್ಟ್ ಬಳಿಗೆ ಹೋಗಿ, ಅತ್ತೆಯವರನ್ನೂ ತಪ್ಪದೆ ಕರೆದುಕೊಂಡು ಹೋಗಿ. ವಾರ್ತೆ ಕಿವಿಗೆ ಹರಿಯುತ್ತಿರುವಾಗ ಅವರು ಪಕ್ಕದ ಕೋಣೆಯಿಂದ, ಮನೆಯಲ್ಲಿ ಕರೆಯುವ ದನಿಯಲ್ಲೇ ಮಾವನವರನ್ನು ಕರೆಯಲಿ. ಮಾವನವರು ತಿರುಗಿ ನೋಡುವವರೆಗೆ ಹೊರಗಿನ ಮೈಕಿನ ಅಳತೆಯನ್ನು ಏರಿಸುತ್ತಾ ಹೋಗುವಂತೆ ಹೇಳಿ, ಆ ಅಳತೆಯನ್ನೇ ಟಿ.ವಿ. ಪ್ರೋಗ್ರಾಮಿಗೆ ಉಳಿಸಿಕೊಳ್ಳಿ.